ಚೆನ್ನವೀರಪ್ಪನ ಹತ್ತಿರದ ಸಂಬಂಧಿ

ಮರೆವಿನ ರೋಗ ಹತ್ತಿದವರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಅವರ ಮಿದುಳಿನ ಅಲೆ ಯಾರನ್ನು ಗುರುತಿಸುತ್ತದೋ ಆ ಸಂಬಂಧಿಯ ಕೈಗಷ್ಟೇ ಒಪ್ಪಿಸಬೇಕೆಂಬುದು ಕಾಯಿದೆ. ಹೀಗಾಗಿ ನೀಲಗಂಗವ್ವ ಪ್ರತಿ ವರ್ಷದಂತೆ ಗಂಡ ಚೆನ್ನವೀರಪ್ಪನನ್ನು ಅವನ ಹಳೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ತಳ್ಳಿಕೊಂಡು ಅಲೆ ಕಚೇರಿಗೆ ಬಂದಳು.

ಗುಮಾಸ್ತ ಹೊಸಮನಿ ಮುದುಕನ ತಲೆಗೆ ವಯರಿನ ಟೊಪ್ಪಿಗೆ ಹಾಕಿ, ಅವಳನ್ನು ಎದುರಿಗೆ ನಿಲ್ಲಿಸಿದ. ಕಾಗದದ ಮೇಲಿನ ಅಲೆಯ ಗೆರೆ ಮಲಗಿಯೇ ಇತ್ತು. ಅವಳು ಕುಂಕುಮ ಸರಿಮಾಡಿಕೊಂಡು ಮತ್ತೆ ನಿಂತಳು. ಗೆರೆ ಏಳಲಿಲ್ಲ.

"ನಿಮ್ಮ ಕೈಗೆ ಕೊಡಾಕ ಬರಂಗಿಲ್ರೀ ಯವ್ವಾ. ಆಶ್ರಮಕ್ಕ ಕಳಿಸಬೇಕಾಗ್ತದ."

"ನಲವತ್ತೆರಡು ವರ್ಷ ರೊಟ್ಟಿ ಬಡದು ಹಾಕೀನೋ ತಮ್ಮಾ!"

ಅಷ್ಟರಲ್ಲಿ ಬಾಗಿಲಿಗೆ ಅಡ್ಡವಿದ್ದ ಸೈಕಲ್ಲನ್ನು ಯಾರೋ ಸರಿಸಿದರು. ಗಂಟೆ ಟ್ರಿಣ್ ಎಂದಿತು. ಗೆರೆ ಕಾಗದದ ಅಂಚಿನವರೆಗೂ ಜಿಗಿಯಿತು.

ಹೊಸಮನಿಗೆ ಇದೇನೂ ಹೊಸದಲ್ಲ. ಹೋದ ವಾರವಷ್ಟೇ ಮುದುಕಿಯೊಬ್ಬಳನ್ನು ರುಬ್ಬುವ ಕಲ್ಲಿಗೆ ಒಪ್ಪಿಸಿದ್ದ. ಸಂಬಂಧಿಯ ಕಾಲಮಿನಲ್ಲಿ 'ಸೈಕಲ್' ಎಂದು ಬರೆದು, ಮುಂದಿನ ಗಾಲಿಗೆ ಮಸಿ ಹಚ್ಚಿ, ಹೆಬ್ಬೆಟ್ಟಿನ ಜಾಗದಲ್ಲಿ ಉರುಳಿಸಿಕೊಂಡ. "ಇನ್ನ ಕರ್ಕೊಂಡು ಹೋಗ್ರಿ" ಎಂದು ಸೈಕಲ್ಲಿಗೇ ಹೇಳಿದ.

"ಅದಕ್ಕ ತಾನಾಗೇ ಹೋಗಾಕ ಬರಂಗಿಲ್ಲ. ನಾ ಹಿಡ್ಕೊಂಡು ಹೋಗ್ಲೇನು?"

"ಅದರದೇನೂ ತಕರಾರಿಲ್ಲಂದ್ರ ಹೋಗ್ರಿ."

ಮನೆಯ ದಾರಿಯ ಇಳಿಜಾರಿನಲ್ಲಿ ಚೆನ್ನವೀರಪ್ಪ ಕ್ಯಾರಿಯರ್ ಮೇಲಿಂದ ಅವಳ ಭುಜ ತಟ್ಟಿದ.

"ನಿಧಾನ ಹೋಗು ತಂಗಿ. ಬ್ರೇಕ್ ಹಿಡಿಯಂಗಿಲ್ಲ ಅಂತ ನನ್ನ ಹೆಂಡ್ತಿ ದಿನಾ ಬಡ್ಕೊಂತಾಳ."

ನೀಲಗಂಗವ್ವ ಗಕ್ಕನೆ ನಿಂತು ಅವನ ತಲೆ ನೋಡಿದಳು. ಟೊಪ್ಪಿಗೆ ಕಚೇರಿಯಲ್ಲೇ ಉಳಿದಿತ್ತು.