ಒಂದೇ ಒಂದು ಗುಂಡಿ

"ಆ ಕೆಂಪು ಗುಂಡಿ ಒಂದ್ಸಲ ಒತ್ರೀ ಸುಜಾತಾ, ಅಷ್ಟೇ ಸಾಕು!" ಅರಸೀಕೆರೆಯಿಂದ ಚೇತನ್‌ಕುಮಾರ್ ಫೋನಿನಲ್ಲಿ ಅಂಗಲಾಚುತ್ತಿದ್ದ.

ಬೇಲೂರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೈಪಿಂಗ್ ಕಲಿಸುವ ಸುಜಾತ ರಿಸೀವರ್ ಹಿಡಿದು ನಿಂತಿದ್ದಳು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಕೋಡನ್ನು ತಾನೇ ತಿದ್ದಿದ್ದೇನೆಂದು ಅರಸೀಕೆರೆಗೆ ಬಂದಿದ್ದ ಹಾಸನದ ಸಾಹೇಬರಿಗೆ ತೋರಿಸಲು, ಇದೇ ಕೇಂದ್ರದಲ್ಲಿ ಕಲಿಸುವ ಅವನು ಅಲ್ಲಿಂದಲೇ ಈ ಕಂಪ್ಯೂಟರಿಗೆ ಹೊಸ ಕೋಡು ಹಾಕಿದ್ದ. ಹಾಕಿದ ಮರುಕ್ಷಣವೇ ಸಂಪರ್ಕ ಕಡಿದುಹೋಗಿತ್ತು. ಇಲ್ಲಿ ಯಾರಾದರೂ ಗುಂಡಿ ಒತ್ತಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರೆ ಹಳೆಯ ಕೋಡು ಬಂದು ಎಲ್ಲ ಸರಿಹೋಗುತ್ತಿತ್ತು.

ಹೋದ ತಿಂಗಳು ಇದೇ ಕಂಪ್ಯೂಟರಿನ ಮುಂದಿನಿಂದ ಅವಳು ಎದ್ದಾಗ, ಅವನು ಕೀಬೋರ್ಡನ್ನು ಕರವಸ್ತ್ರದಿಂದ ಒರೆಸಿ ಕೂತಿದ್ದ. "ಇನ್ಮೇಲೆ ಇದನ್ನ ಮುಟ್ಬೇಡ. ನಿಮ್ ಜನದ ಕೈಗೆ ಪೊರಕೇನೇ ಸರಿ" ಎಂದಿದ್ದ, ಕಲಿಯಲು ಬಂದವರೆಲ್ಲ ನಗುವಂತೆ.

"ಒತ್ತಿದ್ರಾ? ಸಾಹೇಬ್ರು ಎದ್ದು ಹೊರಟ್ರು ಕಣ್ರೀ!"

ಸುಜಾತ ಬೆರಳನ್ನು ಗುಂಡಿಯ ಹತ್ತಿರ ತಂದು ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿದಳು. ಆ ಕಡೆ ಕುರ್ಚಿಗಳು ಸರಿದವು, ಬಾಗಿಲು ಮುಚ್ಚಿಕೊಂಡಿತು. ಕೊನೆಗೆ ಅವನು ಬಿಕ್ಕಿದ್ದು ಕೇಳಿಸುವವರೆಗೂ ಬೆರಳು ಅಲ್ಲೇ ಇತ್ತು.

"ಕರವಸ್ತ್ರ ಐತಲ್ಲ ಸಾರ್," ಎಂದಳು. "ಕಣ್ಣೊರೆಸ್ಕಳಿ."