ಎರಡನೆಯ ಹೆಸರು

ಚುನಾವಣೆಗೆ ಇನ್ನೂ ಎಂಟು ತಿಂಗಳಿರುವಾಗಲೇ ಪಕ್ಷದ ವೀಕ್ಷಕರು ಊರಿಗೆ ಬಂದರು. ಟಿಕೆಟ್ ಆಕಾಂಕ್ಷಿಗಳು ಐದು ಮಂದಿ. ಯಾರಿಗೆಷ್ಟು ಬಲವೆಂದು ಚನ್ನವೀರ ವಾರದಿಂದ ಲೆಕ್ಕ ಹಾಕುತ್ತಲೇ ಇದ್ದ. ಹೇಗೆ ಕೂಡಿ ಕಳೆದರೂ ಸಿದ್ರಾಮನೇ ತನಗಿಂತ ಕೂದಲೆಳೆಯಷ್ಟು ಮುಂದೆ. ಕಾಲೇಜಿನ ದಿನಗಳಿಂದಲೂ ಅದೇ ಕತೆ. ಸಿದ್ರಾಮ ಮೈಕ್ ಹಿಡಿದರೆ ಚನ್ನವೀರನ ಹೆಂಡತಿಯೂ ಚಪ್ಪಾಳೆ ತಟ್ಟುತ್ತಿದ್ದಳು.

ವೀಕ್ಷಕರು ಒಬ್ಬೊಬ್ಬರನ್ನೇ ಒಳಗೆ ಕರೆದು ಚೀಟಿ ಕೊಟ್ಟರು.

"ಮ್ಯಾಲ ನಿಮ್ಮ ಹೆಸರು ಬರೀರಿ. ನಿಮಗ ಸಿಗಲಿಲ್ಲಂದ್ರ ಯಾರಿಗೆ ಕೊಡಬೇಕು, ಅವರದು ಕೆಳಗ. ಹೆಚ್ಚು ಚೀಟಿಯಾಗ ಯಾರ ಹೆಸರು ಇರತೈತಿ, ಅವರಿಗೆ ಟಿಕೆಟ್."

ಚನ್ನವೀರನ ಪೆನ್ನು ತಡೆಯಿತು.

"ಸಿದ್ರಾಮ ಛಲೋ ಮನಶ್ಯಾ ಅಂತಾರಲ್ರಿ ಎಲ್ಲಾರೂ?" ವೀಕ್ಷಕರು ಕೇಳಿದರು.

"ಅನ್ನೋರಿಗೇನ್ರಿ ಸಾಹೇಬ್ರ, ಬಾಯಿ ಐತಿ ಅಂತಾರ."

ಹಾಗೆಂದವನೇ ಕೆಳಗೆ ಯಮನಪ್ಪನ ಹೆಸರು ಬರೆದ. ಸಭೆಗಳಲ್ಲಿ ಜಮಖಾನೆ ಹಾಸುತ್ತಿದ್ದ ಯಮನಪ್ಪ ತಾನೂ ಅರ್ಜಿ ಹಾಕಿದಾಗ ಊರೇ ನಕ್ಕಿತ್ತು. ಅವನಿಂದ ಯಾರಿಗೂ ಅಪಾಯವಿರಲಿಲ್ಲ.

ಸಂಜೆ ಐವರನ್ನೂ ಕೂರಿಸಿಕೊಂಡು ವೀಕ್ಷಕರು ಚೀಟಿ ಬಿಡಿಸಿದರು.

"ಸಿದ್ರಾಮ ಅವರ ಹೆಸರು ಅವರ ಚೀಟಿ ಬಿಟ್ರ ಎಲ್ಲೂ ಇಲ್ಲ."

ಸಿದ್ರಾಮ ತಲೆ ತಗ್ಗಿಸಿದ. ಎಷ್ಟೋ ವರ್ಷಗಳಿಂದ ಉರಿಯುತ್ತಿದ್ದ ಚನ್ನವೀರನ ಹೊಟ್ಟೆ ತಣ್ಣಗಾಯಿತು.

"ನಂದು ಎಷ್ಟ್ರೀ?"

"ನಿಮ್ಮದು ಎರಡು. ಒಂದು ನೀವು ಬರದದ್ದು, ಇನ್ನೊಂದು ಯಮನಪ್ಪ ಬರದದ್ದು."

ಚನ್ನವೀರ ಸಿದ್ರಾಮನ ಕಡೆ ತಿರುಗಿ ಮೀಸೆಯಲ್ಲೇ ನಕ್ಕ.

ವೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ಮುಂದುವರಿಸಿದರು: "ಯಮನಪ್ಪಂದು ಐದೂ ಚೀಟಿಯಾಗ ಐತ್ರಿ."