ಶಂಖದ ಬಳೆ

"ಎರಡು ಬಳಿ ಬಿಚ್ಚಿ ಕೊಡಾಕ ನಿಮ್ಮವ್ವಗ ಜೀವಾನ ಹೋಗತೈತೇನು? ಸರ್ಕಾರದ ಭೂಮಿ ತಗೊಳ್ಳಾಕ ಮುಂದ, ಸಾಲಿಗೆ ಎರಡು ಬಳಿ ಕೊಡಾಕ ಹಿಂದ. ಕ್ಯಾಂಪಿನ ಮಂದೀನ ಹಿಂಗ."

ಅಮರೇಶ್ವರಿ ಮೇಡಂ ಇದನ್ನು ಸುಬಲ್‌ಗೆ ಹೇಳಿದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ, ವೇದಿಕೆಯ ಪಕ್ಕ ನಿಂತು. ಅವರ ಕೈಯಲ್ಲಿದ್ದ ಮೈಕಿನ ಹಸಿರು ದೀಪ ಉರಿಯುತ್ತಲೇ ಇತ್ತು. ಶಾಮಿಯಾನದ ಕೆಳಗಿದ್ದ ಜವಳಗೇರಾ ಊರಿನವರು, ಹಿಂದೆ ನಿರಾಶ್ರಿತರಾಗಿ ಬಂದು ಸರ್ಕಾರದಿಂದ ಭೂಮಿ ಪಡೆದ ಆರ್.ಎಚ್. ಕ್ಯಾಂಪಿನ ಬಂಗಾಲಿಗಳು, ಎಲ್ಲರೂ ಕೇಳಿಸಿಕೊಂಡರು. ಮೂರನೇ ಸಾಲಿನಲ್ಲಿದ್ದ ಸುಬಲ್‌ನ ತಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಐದನೇ ತರಗತಿಯ ಮಕ್ಕಳು ಪಾಠದಲ್ಲಿದ್ದಂತೆ ಒಂದೊಂದು ರಾಜ್ಯದ ವೇಷ ಹಾಕಿ ಬರಬೇಕಿತ್ತು. ಪಂಜಾಬು ಆಗಲೇ ಕುಣಿಯುತ್ತಿತ್ತು. ರಾಜಸ್ಥಾನ ಮೀಸೆ ಬಿದ್ದುಹೋಯಿತೆಂದು ಅಳುತ್ತಿತ್ತು. ಕರ್ನಾಟಕವಾಗಿದ್ದ ಮಮತಾ ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ಚಡಪಡಿಸುತ್ತಿದ್ದಳು. ಸುಬಲ್‌ನ ತಂಗಿ ರೂಪಾ ಮಾತ್ರ, ವೇಷಕ್ಕೆ ಅವ್ವನ ಬಳೆ ಸಿಗದೆ, ಯೂನಿಫಾರ್ಮಿನಲ್ಲೇ ಇದ್ದಳು. ಒಂದನೇ ತರಗತಿಯಿಂದಲೂ ಅವಳು ಪ್ರತಿ ವರ್ಷ ಪಶ್ಚಿಮ ಬಂಗಾಳವೇ.

ಗದ್ದೆಯಿಂದ ನೇರ ಬಂದಿದ್ದ ಸುಬಲ್‌ನ ಕಾಲಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ. "ಜೀವ ಹೋಗೋದು ಅವ್ವಂದಲ್ರಿ ಮೇಡಂ, ಅಪ್ಪಂದು," ಅಂದ. "ಅದು ಶಂಖದ ಬಳಿ. ಲಗ್ನದಾಗ ಹಾಕತಾರ, ಗಂಡ ಸತ್ತ ಮ್ಯಾಲೆ ತಗೀತಾರ. ನಮ್ಮಪ್ಪ ಅಲ್ಲಿ ಚಾ ಕುಡ್ಯಾಕತ್ತಾನ, ನೋಡ್ರಿ."

ಜನ ತಿರುಗಿ ನೋಡಿ ನಕ್ಕರು. ಅಪ್ಪ ಕಪ್ಪನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಮೇಡಂ ಪಠ್ಯಪುಸ್ತಕ ತೆರೆದು ಹಿಡಿದರು. ಕೆಂಪಂಚಿನ ಬಿಳಿ ಸೀರೆ, ಬಿಳಿ ಬಳೆ, ಬೈತಲೆ ತುಂಬ ಕುಂಕುಮ. "ಚಿತ್ರದಾಗ ಐತಲ್ಲಪಾ. ನಾ ಏನು ನಮ್ಮ ಮನಿಯಿಂದ ತಂದೀನೇನು? ಏಳನೇತ್ತಕ್ಕ ಸಾಲಿ ಬಿಟ್ಟು ಟ್ರ್ಯಾಕ್ಟರ್ ಹತ್ತಿದಾವ ನೀ, ಪುಸ್ತಕ ತಪ್ಪು ಅಂತೀಯಾ?"

"ಅದು ಲಗ್ನ ಆದಾಕಿ ಚಿತ್ರರೀ. ಈಗಷ್ಟ ಬಾಲ್ಯವಿವಾಹ ಬ್ಯಾಡಂತ ನಾಟಕ ಮಾಡಿಸಿದ್ರಿ. ಅದರ ಹಿಂದಿಂದನ ನಮ್ಮ ಹುಡುಗೀನ ಮುತ್ತೈದಿ ಮಾಡಿ ನಿಲ್ಲಸ್ತೀರಿ." ಸುಬಲ್ ಮಮತಾನ ಕಡೆ ಕೈ ತೋರಿಸಿದ. "ಹಂಗಾರ ಹಿಂಗ ಮಾಡೋಣು. ನೀವು ನಿಮ್ಮ ತಾಳಿ ಬಿಚ್ಚಿ ಕೊಡ್ರಿ. ಮಮತಾನ ಕೊರಳಾಗ ಹಾಕೋಣು. ಕರ್ನಾಟಕ ಚಂದ ಕಾಣತೈತಿ."

ಮೇಡಂ ಕೈ ತಟ್ಟನೆ ಎದೆಯ ಮೇಲಿನ ತಾಳಿಗೆ ಹೋಯಿತು.

ದೊಡ್ಡವರ ಜಗಳದ ನಡುವೆ ಏನು ಮಾಡಬೇಕೋ ತಿಳಿಯದೆ, ನಿರೂಪಣೆಗೆ ನಿಂತಿದ್ದ ಶಾಹೀಸ್ತಾ ಚೀಟಿಯಲ್ಲಿದ್ದುದನ್ನೇ ವೇದಿಕೆಯ ಮೈಕಿನಲ್ಲಿ ಕೂಗಿದಳು. "ಈಗ ನಿಮ್ಮ ಮುಂದೆ, ಪಶ್ಚಿಮ ಬಂಗಾಳ."

ರೂಪಾ ಯೂನಿಫಾರ್ಮಿನಲ್ಲೇ ಓಡಿದಳು. ಯಾರಾದರೂ ಹಿಡಿದುಕೊಂಡಾರು ಎಂಬಂತೆ ಒಂದೇ ಉಸಿರಿನಲ್ಲಿ ಶುರು ಮಾಡಿದಳು. "ನಾ ರೂಪಾ ಮಂಡಲ್. ಬಂಗಾಳ ನಾ ನೋಡಿಲ್ಲ, ನಮ್ಮಪ್ಪನೂ ನೋಡಿಲ್ಲ. ನಮ್ದು ಸಿಂಧನೂರ ತಾಲೂಕ. ಕಾಲುವಿ ನೀರು ಬಂದ್ರ ನೆಲ್ಲು ಹಚ್ಚತೀವಿ, ಬರಲಿಲ್ಲಂದ್ರ ಜವಳಗೇರಾದವ್ರ ಜೋಡಿ ರಸ್ತೆದಾಗ ಕುಂದ್ರತೀವಿ. ಮನಿಯಾಗ ಬಂಗಾಲಿ ಮಾತಾಡತೀವಿ, ಹೊರಗ ಕನ್ನಡದಾಗ ಬೈತೀವಿ. ಇದೂ ಕರ್ನಾಟಕನ. ಮುಗೀತು."

ಮೊದಲು ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹೊಡೆದರು. ಆಮೇಲೆ ಕ್ಯಾಂಪಿನ ಹೆಂಗಸರು, ಮದುವೆ ಪೂಜೆಗಳಲ್ಲಿ ಮಾಡುವಂತೆ, ನಾಲಿಗೆ ಹೊರಳಿಸಿ ಉಲು ಹಾಕಿದರು. ಉಲುಲುಲು ಎಂದು ಆ ಸದ್ದು ಶಾಮಿಯಾನ ಎತ್ತಿ ಒಗೆಯುವಂತೆ ಏರಿತು. ಜವಳಗೇರಾದ ಹೊನ್ನೂರಮ್ಮ ತಾನೂ ಹಾಕಲು ಹೋಗಿ ಎಲೆಅಡಿಕೆ ನೆತ್ತಿಗೇರಿಸಿಕೊಂಡಳು. "ಇನ್ನೊಮ್ಮಿ ಹಾಕ್ರೇ, ಕಲೀತೀನಿ," ಅಂದಳು. ಸುಬಲ್‌ನ ತಾಯಿಯ ಕೈಗಳು ಸೆರಗಿನಿಂದ ಹೊರಬಂದು ಚಪ್ಪಾಳೆ ತಟ್ಟುತ್ತಿದ್ದವು. ಶಂಖದ ಬಳೆಗಳು ಕಟಕಟ ಅನ್ನುತ್ತಿದ್ದವು.

ಗದ್ದಲ ಇಳಿಯುವ ಮೊದಲೇ ಅಮರೇಶ್ವರಿ ಮೇಡಂ ಸುಬಲ್‌ನ ಹತ್ತಿರ ಬಂದರು. ಮೈಕಿನ ಗುಂಡಿ ಒತ್ತಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದರು. "ತಪ್ಪು ತಿಳೀಬ್ಯಾಡಪಾ. ನಾಳೆ ಇದ ಪಾಠ ನಾನ ಮಾಡಬೇಕು. ಈಕೀನ ಯಾವ ಪುಟದಾಗ ತೋರಸ್ಲಿ, ನೀನ ಹೇಳು."

ಬೈಯುವಾಗ ಉರಿಯುತ್ತಿದ್ದ ಮೈಕಿನ ದೀಪ ಈಗ ಆರಿತ್ತು. ಸುಬಲ್ ಅದನ್ನೊಮ್ಮೆ ನೋಡಿದ. ಟ್ರ್ಯಾಕ್ಟರಿನ ಕಡೆ ನಡೆದ.